ಸೋರಿದ ಅನಿಲದ ಮೂಲ ಯಾವುದು? ಕಾರ್ಬನ್ ಘಟಕಕ್ಕೊಂದು ಚಟುವಟಿಕೆ

ತರಗತಿ: 10
ಘಟಕ: ಕಾರ್ಬನ್ ಮತ್ತು ಅದರ ಸಂಯುಕ್ತಗಳು
ಅವಧಿ: 40 ನಿಮಿಷ

ಉದ್ದೇಶ: ಹೈಡ್ರೋಕಾರ್ಬನ್ ಮತ್ತು ಐಸೋಟೋಪ್‌ಗಳ ಜ್ಞಾನವನ್ನು ಪುರಾವೆಯಾಗಿ ಬಳಸುವುದು.

ಪೀಠಿಕೆ: ಅಮೆರಿಕದ ಕಾನ್ಸಸ್ ರಾಜ್ಯದ ಹಚಿನ್ಸನ್ ನಗರದಲ್ಲಿ 2001ರ ಜನವರಿ 17ರಂದು ಸ್ಫೋಟ ಸಂಭವಿಸಿತು. ಮರುದಿನದ ಇನ್ನೊಂದು ಸ್ಫೋಟದಲ್ಲಿ ಇಬ್ಬರು ಸತ್ತರು. ನಗರದಿಂದ ಸುಮಾರು 11 ಕಿ.ಮೀ. ದೂರದಲ್ಲಿ, ನೆಲದಡಿಯ ಉಪ್ಪಿನ ಗುಹೆಗಳಲ್ಲಿ ನೈಸರ್ಗಿಕ ಅನಿಲವನ್ನು ಸಂಗ್ರಹಿಸಲಾಗುತ್ತಿತ್ತು. ಇಷ್ಟು ಹೇಳಿ, "ಅನಿಲ ಅಲ್ಲಿಂದಲೇ ಬಂದಿತೆಂದು ಹೇಗೆ ತಿಳಿಯುವಿರಿ?" ಎಂದು ಕೇಳಿದೆ.

"ವಾಸನೆಯಿಂದ" ಎಂಬ ಉತ್ತರ ಮೊದಲು ಬಂತು. ಅನಿಲಕ್ಕೆ ಸ್ವಂತ ವಾಸನೆಯಿಲ್ಲ, ಅದಕ್ಕೆ ಮರ್ಕ್ಯಾಪ್ಟನ್ ಬೆರೆಸುತ್ತಾರೆ, ಮಣ್ಣಿನ ಮೂಲಕ ಸಾಗುವಾಗ ಆ ವಾಸನೆಯೂ ಕುಗ್ಗಬಹುದು ಎಂದು ವಿವರಿಸಿದೆ.

ಬೋಧನಾ ಹಂತಗಳು: ತರಗತಿಯನ್ನು ಮೂರು ಗುಂಪು ಮಾಡಿ ತಲಾ ಒಂದು ಸುಳಿವಿನ ಚೀಟಿ ಕೊಟ್ಟೆ.

1. ಸಮಯ ಮತ್ತು ದಾರಿ: ಸ್ಫೋಟದ ದಿನವೇ ಸಂಗ್ರಹಾಗಾರದ ಒಂದು ಬಾವಿಯಲ್ಲಿ ಒತ್ತಡ ಕುಸಿದಿತ್ತು. ಅನಿಲವು ಬಿರುಕುಬಿಟ್ಟ ಡೋಲೋಮೈಟ್ ಪದರದಲ್ಲಿ ಸಾಗಿ, ನಗರದ ಹಳೆಯ ಉಪ್ಪುನೀರಿನ ಬಾವಿಗಳ ಮೂಲಕ ಮೇಲೆ ಬಂತು.

2. ಸಂಯೋಜನೆ: ಜೌಗುನೆಲದ ಅನಿಲದಲ್ಲಿರುವ ಹೈಡ್ರೋಕಾರ್ಬನ್ ಬಹುತೇಕ ಮೀಥೇನ್ ಮಾತ್ರ. ಆಳದಲ್ಲಿ ಶಾಖದಿಂದ ಉಂಟಾದ ಅನಿಲದಲ್ಲಿ ಸಾಮಾನ್ಯವಾಗಿ ಈಥೇನ್, ಪ್ರೊಪೇನ್ ಕೂಡ ಇರುತ್ತವೆ.

3. ಐಸೋಟೋಪ್: ನೂರು ಕಾರ್ಬನ್ ಪರಮಾಣುಗಳಲ್ಲಿ ಸುಮಾರು ಒಂದು ಮಾತ್ರ ಕಾರ್ಬನ್-13. ಸೂಕ್ಷ್ಮಜೀವಿಗಳು ತಯಾರಿಸುವ ಮೀಥೇನ್‌ನಲ್ಲಿ ಇದರ ಪ್ರಮಾಣ ಇನ್ನೂ ಸ್ವಲ್ಪ ಕಡಿಮೆ. ಈ ಸಣ್ಣ ವ್ಯತ್ಯಾಸವನ್ನು ದ್ರವ್ಯರಾಶಿ ರೋಹಿತಮಾಪಕ ಅಳೆಯುತ್ತದೆ.

ಮೌಲ್ಯಮಾಪನ: "ಬಾವಿಯೊಂದರ ಅನಿಲದಲ್ಲಿ ಈಥೇನ್ ಸಿಕ್ಕಿದೆ. ಅದು ಸಂಗ್ರಹಾಗಾರದ್ದೇ?" ಹೆಚ್ಚಿನವರು "ಹೌದು" ಎಂದರು. ಒಬ್ಬ ವಿದ್ಯಾರ್ಥಿನಿ, "ಆ ಊರಿನ ನೆಲದಲ್ಲೇ ಅಂಥ ಅನಿಲ ಇದ್ದಿದ್ದರೆ?" ಎಂದು ಕೇಳಿದಳು. ಪಾಠದ ತಿರುಳು ಅದೇ. ಸಂಗ್ರಹಾಗಾರದ ಅನಿಲ, ಸ್ಥಳೀಯ ಅನಿಲ, ಸೋರಿದ ಅನಿಲ ಈ ಮೂರರ ಮಾದರಿಗಳನ್ನೂ ಹೋಲಿಸದೆ ತೀರ್ಮಾನಿಸಲಾಗದು. ಸಂಗ್ರಹಾಗಾರದಲ್ಲಿ ಬೇರೆ ಬೇರೆ ಮೂಲಗಳ ಅನಿಲ ಬೆರೆತಿರಬಹುದಾದ್ದರಿಂದ ಒಂದೇ ಮಾದರಿ ಸಾಲದು.

ಅವಲೋಕನ: ಐಸೋಟೋಪ್ ಎಂದರೆ ವ್ಯಾಖ್ಯೆ ಒಪ್ಪಿಸುತ್ತಿದ್ದ ಮಕ್ಕಳು ಅಂದು ಅದನ್ನು ಸಾಕ್ಷಿಯಾಗಿ ಬಳಸಿದರು. ಮೂಲವನ್ನು ತಪ್ಪಾಗಿ ಗುರುತಿಸಿದರೆ ಬೇರೆ ಬಾವಿಯನ್ನು ಮುಚ್ಚುತ್ತೇವೆ, ಸೋರಿಕೆ ಮುಂದುವರಿಯುತ್ತದೆ ಎಂಬುದು ಅವರಿಗೆ ಮನವರಿಕೆಯಾಯಿತು. ಈ ಪಾಠ ಮಾಡುವ ಸಹ ಪ್ರಶಿಕ್ಷಣಾರ್ಥಿಗಳು ಮೌಲ್ಯಮಾಪನದ ಪ್ರಶ್ನೆಗೆ ಕನಿಷ್ಠ 10 ನಿಮಿಷ ಮೀಸಲಿಡುವುದು ಒಳ್ಳೆಯದು.