ಕತ್ತರಿಸಿ ಕೊಟ್ಟ ಸ್ಟ್ರಿಪ್, ಕೇಳದೆ ಬಿಟ್ಟ ಬಿಲ್ಲು

ಆ್ಯಂಟಿಬಯೋಟಿಕ್ ಮಾತ್ರೆಯಿಂದ ಜೀವಕ್ಕೇ ಕುತ್ತು ಬಂತೆಂದು ನನ್ನ ಕಚೇರಿಗೆ ಬರುವವರು ಆಸ್ಪತ್ರೆಯ ಫೈಲನ್ನು ಜೋಪಾನವಾಗಿ ತಂದಿರುತ್ತಾರೆ. ಮೈಯೆಲ್ಲ ದದ್ದೆದ್ದ ಫೋಟೊ, ಐಸಿಯು ಬಿಲ್ಲು, ಡಿಸ್ಚಾರ್ಜ್ ಸಮ್ಮರಿ ಎಲ್ಲವೂ ಇರುತ್ತವೆ. ಯಾವ ಮಾತ್ರೆ, ಎಲ್ಲಿ ಕೊಂಡಿರಿ ಎಂದರೆ ಮಾತ್ರ, "ಜ್ವರ ಅಂದೆ, ಮೆಡಿಕಲ್‌ನವರು ನಾಲ್ಕು ಕೊಟ್ಟರು ಸಾರ್" ಎನ್ನುತ್ತಾರೆ. ಚೀಟಿಯಿಲ್ಲ, ಬಿಲ್ಲಿಲ್ಲ, ಸ್ಟ್ರಿಪ್ ಕಸಕ್ಕೆ ಹೋಗಿದೆ. "ಇವರು ನಮ್ಮ ಅಂಗಡಿಗೆ ಬಂದೇ ಇಲ್ಲ" ಎಂದು ಅಂಗಡಿಯವನು ಒಂದು ಸಾಲು ಬರೆದುಕೊಟ್ಟರೆ ಕೇಸು ಅಲ್ಲೇ ಮಲಗುತ್ತದೆ.

ಕಾನೂನು ನಿಮ್ಮ ಪರವಾಗಿಯೇ ಇದೆ. ಅಮಾಕ್ಸಿಸಿಲಿನ್, ಅಜಿತ್ರೋಮೈಸಿನ್, ಸಿಪ್ರೋಫ್ಲಾಕ್ಸಾಸಿನ್, ಡಾಕ್ಸಿಸೈಕ್ಲಿನ್ ಇವು 1945ರ ಔಷಧ ನಿಯಮಗಳ 'ಎಚ್' ಪಟ್ಟಿಯಲ್ಲಿವೆ. ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಸೆಫಿಕ್ಸಿಮ್, ಲಿವೋಫ್ಲಾಕ್ಸಾಸಿನ್‌ನಂಥವು 2014ರ ಮಾರ್ಚ್ 1ರಿಂದ ಇನ್ನೂ ಬಿಗಿಯಾದ 'ಎಚ್1' ಪಟ್ಟಿಗೆ ಸೇರಿವೆ. ಇವನ್ನು ಮಾರಿದಾಗಲೆಲ್ಲ ವೈದ್ಯರ ಹೆಸರು ವಿಳಾಸ, ರೋಗಿಯ ಹೆಸರು, ಮಾತ್ರೆಯ ಲೆಕ್ಕವನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು.

ಇಷ್ಟು ಬಿಗಿಗೆ ಕಾರಣವಿದೆ. ಈ ಮಾತ್ರೆಗಳು ಬ್ಯಾಕ್ಟೀರಿಯಾವನ್ನಷ್ಟೇ ಹೊಡೆಯುತ್ತವೆ. ವೈರಸ್ಸಿನ ನೆಗಡಿ, ಜ್ವರಕ್ಕೆ ನುಂಗಿದರೆ ಉಪಯೋಗವಿಲ್ಲ, ಅಪಾಯ ಮಾತ್ರ ಉಳಿಯುತ್ತದೆ. ಪೆನಿಸಿಲಿನ್ ಒಗ್ಗದವರಿಗೆ ಅಮಾಕ್ಸಿಸಿಲಿನ್ ಪ್ರಾಣಾಪಾಯ ತರಬಲ್ಲದು. ಸಿಪ್ರೋಫ್ಲಾಕ್ಸಾಸಿನ್, ಲಿವೋಫ್ಲಾಕ್ಸಾಸಿನ್‌ಗಳಿಂದ ಹಿಮ್ಮಡಿಯ ಸ್ನಾಯುರಜ್ಜು ಹರಿಯುವುದುಂಟು. 60 ದಾಟಿದವರಿಗೆ, ಸ್ಟೀರಾಯ್ಡ್ ತೆಗೆದುಕೊಳ್ಳುವವರಿಗೆ ಈ ಭಯ ಹೆಚ್ಚು. ಇದನ್ನೆಲ್ಲ ತೂಗಿ ನೋಡುವುದು ವೈದ್ಯರ ಕೆಲಸ, ಕೌಂಟರಿನ ಹುಡುಗನದಲ್ಲ. ಕೇಸು ಮಲಗಬಾರದೆಂದರೆ ಈ ಆರು ವಿಷಯ ನೆನಪಿಡಿ.

1. ಚೀಟಿ ಸರಿಯಾಗಿರಲಿ. ಅದರಲ್ಲಿ ವೈದ್ಯರ ಸಹಿ, ತಾರೀಖು, ನಿಮ್ಮ ಹೆಸರು ವಿಳಾಸ, ಒಟ್ಟು ಎಷ್ಟು ಮಾತ್ರೆ, ಯಾವಾಗ ಎಷ್ಟು ಎಂಬುದಿರಬೇಕು. ಅಲರ್ಜಿಯಿದ್ದರೆ ಹೇಳಿ, ಅದನ್ನೂ ಬರೆಸಿ; ಬರೀ ಬಾಯಲ್ಲಿ ಹೇಳಿದ್ದನ್ನು ಆಮೇಲೆ ಸಾಬೀತು ಮಾಡುವುದು ಕಷ್ಟ. ಮತ್ತೆ ಕೊಡಬಹುದೆಂದು ವೈದ್ಯರು ಬರೆಯದಿದ್ದರೆ ಒಂದು ಚೀಟಿಗೆ ಒಂದೇ ಸಲ ಔಷಧ. ಹೋದ ವರ್ಷದ ಚೀಟಿ ತೋರಿಸಿ ಕೊಂಡರೆ ನಿಮ್ಮ ಕೇಸನ್ನು ನೀವೇ ಸಡಿಲ ಮಾಡಿಕೊಂಡಂತೆ. ಬರೆದವರು ಯಾರೆಂಬುದೂ ಮುಖ್ಯ. ಹೋಮಿಯೋಪತಿ ವೈದ್ಯರೊಬ್ಬರು ಟೈಫಾಯ್ಡ್‌ಗೆ ಅಲೋಪತಿ ಔಷಧ ಕೊಟ್ಟು ರೋಗಿ ತೀರಿಕೊಂಡಾಗ, 1996ರ ಪೂನಂ ವರ್ಮಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿರ್ಲಕ್ಷ್ಯವೆಂದೇ ಹೇಳಿ 3 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು.

2. ಫಾರ್ಮಸಿಸ್ಟ್ ಯಾರೆಂದು ಕೇಳಿ. ನೋಂದಾಯಿತ ಫಾರ್ಮಸಿಸ್ಟ್ ಎದುರಿಗಿದ್ದೇ ಔಷಧ ಕೊಡಿಸಬೇಕು. ಗೋಡೆಯ ಮೇಲೆ ಸರ್ಟಿಫಿಕೇಟ್ ತೂಗುತ್ತಿರುತ್ತದೆ, ಅದರ ಒಡೆಯ ಇನ್ನೆಲ್ಲೋ ಇರುತ್ತಾನೆ. ಇದು ಇನ್ಸ್‌ಪೆಕ್ಟರುಗಳಿಗೆ ಗೊತ್ತಿಲ್ಲ ಎಂದರೆ ನಾನಂತೂ ನಂಬುವುದಿಲ್ಲ. ಚೀಟಿಯಲ್ಲಿರುವುದನ್ನು ಬಿಟ್ಟು "ಇದೂ ಅದೇ" ಎಂದು ಬೇರೆ ಕಂಪನಿಯ ಮಾತ್ರೆ ಕೊಡಲು ಅಂಗಡಿಯವನಿಗೆ ಅಧಿಕಾರವಿಲ್ಲ. ವೈದ್ಯರಿಗೆ ಫೋನ್ ಮಾಡಿ ಕೇಳಿ.

3. ಬಿಲ್ಲು ಮತ್ತು ಸ್ಟ್ರಿಪ್. ಜನ ಸೋಲುವುದು ಇಲ್ಲೇ. ವೈದ್ಯರು ಆರು ಬರೆದಿದ್ದರೆ ಆರು ಕತ್ತರಿಸಿ ಕೊಡುವುದು ತಪ್ಪಲ್ಲ. ಆದರೆ ಬ್ಯಾಚ್ ನಂಬರ್, ಎಕ್ಸ್‌ಪೈರಿ ಅಚ್ಚಾಗಿರುವ ತುದಿ ಅನೇಕ ಸಲ ಅಂಗಡಿಯಲ್ಲೇ ಉಳಿಯುತ್ತದೆ. ಆ ತುದಿಯನ್ನೇ ಕೇಳಿ. ಅದಾಗಲೇ ಹೋಗಿದ್ದರೆ ಬಿಲ್ಲಿನಲ್ಲಿ ಕಂಪನಿ, ಬ್ಯಾಚ್, ಎಕ್ಸ್‌ಪೈರಿ ಬರೆಸಿ. ಬಿಲ್ಲಿನ ಮೇಲೆ ಅಂಗಡಿಯ ಹೆಸರು, ಲೈಸೆನ್ಸ್ ನಂಬರ್ ಇದೆಯೇ ನೋಡಿ. 'ಎಸ್ಟಿಮೇಟ್' ಎಂದು ಬರೆದ ತುಂಡು ಕಾಗದ ಬಿಲ್ಲಲ್ಲ. "ಬಿಲ್ಲು ಬೇಕಂದ್ರೆ ಜಿಎಸ್‌ಟಿ ಸೇರುತ್ತೆ" ಎನ್ನುವುದು ಶುದ್ಧ ಸುಳ್ಳು. ಎಂಆರ್‌ಪಿಯಲ್ಲಿ ಎಲ್ಲ ತೆರಿಗೆ ಸೇರಿದೆ. ಬಿಡಿ ಮಾತ್ರೆಗೂ ಆ ದರದ ಲೆಕ್ಕಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಫೋನ್‌ಪೇ ಮಾಡಿದ್ದೇನಲ್ಲ ಎನ್ನಬೇಡಿ. ದುಡ್ಡು ಹೋಯಿತು ಎನ್ನುವುದಕ್ಕೆ ಅದು ಸಾಕ್ಷಿ, ಯಾವ ಮಾತ್ರೆ ಬಂತು ಎನ್ನುವುದಕ್ಕಲ್ಲ.

4. ತೊಂದರೆಯಾದರೆ ಮೊದಲು ಆಸ್ಪತ್ರೆ, ಆಮೇಲೆ ದೂರು. ಉಸಿರು ಕಟ್ಟಿದರೆ, ಮುಖ ಊದಿದರೆ ಒಂದು ಗಳಿಗೆಯೂ ಕಾಯಬೇಡಿ. ಸ್ಟ್ರಿಪ್ ಜೊತೆಗಿರಲಿ, ಮಾತ್ರೆಯ ಹೆಸರು ಕೇಸ್ ಶೀಟಿನಲ್ಲಿ ಬರಲಿ. ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು, ಲಿಖಿತವಾಗಿಯೇ ಕೇಳಿ. ಔಷಧದ ದುಷ್ಪರಿಣಾಮವನ್ನು 1800-180-3024ಕ್ಕೆ ಉಚಿತವಾಗಿ ತಿಳಿಸಬಹುದು, ಆದರೆ ಅಲ್ಲಿಂದ ಪರಿಹಾರ ಬರುವುದಿಲ್ಲ.

5. ದೂರು ಬರವಣಿಗೆಯಲ್ಲಿರಲಿ. ಜಿಲ್ಲೆಯ ಸಹಾಯಕ ಔಷಧ ನಿಯಂತ್ರಕರಿಗೆ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿ. "ಸಾಹೇಬರು ಫೀಲ್ಡಿಗೆ ಹೋಗಿದ್ದಾರೆ, ನಾಳೆ ಬನ್ನಿ" ಎಂದರೆ ವಾಪಸು ಬರದೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಮಾತ್ರೆಯ ಗುಣಮಟ್ಟದ ಮೇಲೆ ಅನುಮಾನವಿದ್ದರೆ 1940ರ ಕಾಯ್ದೆಯ 26ನೇ ಕಲಮಿನಡಿ ನೀವೇ ಶುಲ್ಕ ಕಟ್ಟಿ ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಉಳಿದ ಮಾತ್ರೆ ಎಸೆಯಬೇಡಿ ಎನ್ನುವುದು ಅದಕ್ಕೇ. ದೂರು ಏನಾಯಿತೆಂದು ಕೇಳಲು 10 ರೂಪಾಯಿಯ ಆರ್‌ಟಿಐ ಸಾಕು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಮೀರಿದರೆ ತಿರಸ್ಕರಿಸಲು ಅವರಿಗೊಂದು ನೆಪ ಸಿಕ್ಕಂತೆ.

6. ಪರಿಹಾರಕ್ಕೆ ಗ್ರಾಹಕರ ಆಯೋಗ. ನೀವಿರುವ ಜಿಲ್ಲೆಯಲ್ಲೇ ಹೋಗಬಹುದು, ಆದರೆ ಎರಡು ವರ್ಷದೊಳಗೆ ಹೋಗಬೇಕು. ನೀವು ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. 1915ಕ್ಕೆ ಕರೆ ಮಾಡಿದರೆ ದಾರಿ ಹೇಳುತ್ತಾರೆ. ಎಲ್ಲರಿಗೂ ಪೂರ್ತಿ ಉಚಿತವಾಗಿ ಚಿಕಿತ್ಸೆ ಕೊಡುವ ಸರ್ಕಾರಿ ಆಸ್ಪತ್ರೆಯ ವಿರುದ್ಧ ಮಾತ್ರ ಇಲ್ಲಿ ಕೇಸು ನಿಲ್ಲುವುದಿಲ್ಲ. "ಕೇಸ್ ಹಾಕಿಸಿಕೊಡ್ತೀನಿ, ಒಳಗಿನವರು ಗೊತ್ತು" ಎನ್ನುವ ಬ್ರೋಕರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ದೂರು ಕೊಟ್ಟ ಮೇಲೆ ಅಂಗಡಿಯವರು ಮನೆಗೇ ಬಂದಾರು. ಮಾತ್ರೆಯ ದುಡ್ಡು ವಾಪಸು ಕೊಟ್ಟು, "ಸುಮ್ಮನೆ ಒಂದು ಸಹಿ" ಎಂದು ಕಾಗದ ಚಾಚುತ್ತಾರೆ. ಇನ್ನು ಯಾವ ತಕರಾರೂ ಇಲ್ಲ ಎಂದು ಅದರಲ್ಲಿ ಬರೆದಿರುತ್ತದೆ. ನಿಮಗೆ ಓದಲು ಬಾರದಿದ್ದರೆ ನಂಬುವವರಿಂದ ಓದಿಸಿ. ಅಲ್ಲಿಯವರೆಗೆ ಸಹಿಯನ್ನೂ ಹಾಕಬೇಡಿ, ಹೆಬ್ಬೆಟ್ಟನ್ನೂ ಒತ್ತಬೇಡಿ.