ಬರೆಯಲು ತೊಡಕಿರುವ ಮಗುವಿಗೆ ವಾಕ್ಯವೃಂದ ಕಲಿಸುವ ಬಗೆ



ಕೆಲವು ಮಕ್ಕಳು ದನಕರುಗಳ ಗುರುತು, ಹೊಲದ ಕೆಲಸ, ಸಂತೆಯ ಸುದ್ದಿ ಎಲ್ಲವನ್ನೂ ಬಾಯಲ್ಲಿ ಚೆನ್ನಾಗಿ ಹೇಳುತ್ತಾರೆ. ಆದರೆ ನಾಲ್ಕು ಸಾಲು ಬರೆಯೆಂದರೆ ಸುಮ್ಮನೆ ಕೂರುತ್ತಾರೆ. ಅಂಥ ಮಗುವನ್ನು ದಡ್ಡನೆಂದು ಕರೆದು ಶಾಲೆ ಬಿಡಿಸುವುದುಂಟು. ಇದು ಮಗುವಿಗೂ ಮನೆಗೂ ದೊಡ್ಡ ನಷ್ಟ. ಓದುಬರಹದಲ್ಲಿ ತೊಡಕಿರುವುದೇ ಬೇರೆ, ಬುದ್ಧಿ ಇಲ್ಲದಿರುವುದೇ ಬೇರೆ. ಈ ತೊಡಕಿಗೆ ಕಲಿಕಾ ನ್ಯೂನತೆ ಎಂದು ಹೆಸರು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಪಟ್ಟಿಯಲ್ಲಿ ಇದೂ ಸೇರಿದೆ.

ವಾಕ್ಯವೃಂದವೆಂದರೇನು? ಒಂದೇ ವಿಷಯವನ್ನು ಕ್ರಮವಾಗಿ ಹೇಳುವ ಕೆಲವು ವಾಕ್ಯಗಳ ಗುಂಪು. ಅದನ್ನು ಬರೆಯುವಾಗ ಮಗು ಯೋಚಿಸಬೇಕು, ಮಾತನ್ನು ಜೋಡಿಸಬೇಕು, ಅಕ್ಷರವನ್ನೂ ತಿದ್ದಬೇಕು. ಮೂರೂ ಒಮ್ಮೆಗೇ ಬಂದರೆ ಹೊರೆ ಭಾರವಾಗುತ್ತದೆ. ಆದಕಾರಣ ಒಂದೊಂದಾಗಿ ಮಾಡಿಸಬೇಕು.

1. ಮಗು ಕಣ್ಣಾರೆ ಕಂಡ ಒಂದು ಕೆಲಸವನ್ನು ಆರಿಸಿಕೊಳ್ಳಿರಿ.

2. ಮೊದಲು ಬಾಯಲ್ಲಿ ಹೇಳಿಸಿರಿ. "ಏನು ಮಾಡಿದಿರಿ? ಮೊದಲು ಏನಾಯಿತು? ಆಮೇಲೆ? ಕೊನೆಗೆ?" ಎಂದು ಕೇಳಿರಿ. ಈ ಕೆಲಸಕ್ಕೆ ತಂದೆತಾಯಿಗಳಿಗೆ ಓದು ಬರಬೇಕೆಂದಿಲ್ಲ.

3. ಒಂದೊಂದು ಮಾತಿಗೂ ಒಂದೊಂದು ಕಲ್ಲನ್ನು ಸಾಲಾಗಿ ಇಡಿಸಿರಿ. ಕಲ್ಲನ್ನು ಮುಟ್ಟುತ್ತ ಮಗು ಮತ್ತೊಮ್ಮೆ ಹೇಳಲಿ. ಕಿವಿ ಕೇಳದ ಮಗುವಾದರೆ ಕಲ್ಲಿನ ಬದಲು ಚಿತ್ರ ಬರೆಸಿರಿ.

4. ಒಂದೊಂದು ಮಾತನ್ನು ಒಂದೊಂದು ಕಾಗದದ ಚೀಟಿಯಲ್ಲಿ ಬರೆಸಿರಿ. ಕೈ ಸೋತರೆ ಅಕ್ಕನೋ ಅಣ್ಣನೋ ಬರೆದುಕೊಡಲಿ. ಮಾತು ಮಾತ್ರ ಮಗುವಿನದೇ ಆಗಿರಲಿ.

5. ಚೀಟಿಗಳನ್ನು ಬೆರೆಸಿ, ಮಗುವಿನಿಂದಲೇ ಕ್ರಮವಾಗಿ ಜೋಡಿಸಿ, ಪುಸ್ತಕದಲ್ಲಿ ಬರೆಸಿರಿ.

ಆಗ ಇಂಥ ಬರಹ ಬರುತ್ತದೆ: "ನಾವು ರಾಗಿ ನಾಟಿ ಮಾಡಿದೆವು. ಮೊದಲು ಅಪ್ಪ ಹೊಲ ಉತ್ತರು. ಆಮೇಲೆ ಅಮ್ಮ ಪೈರು ಕಿತ್ತರು. ನಾನು ಪೈರಿನ ಕಟ್ಟುಗಳನ್ನು ಹೊತ್ತೆ. ಕೊನೆಗೆ ಎಲ್ಲರೂ ಸೇರಿ ಸಾಲಿನಲ್ಲಿ ನೆಟ್ಟೆವು."

ಮೊದಲ ವಾಕ್ಯ ವಿಷಯವನ್ನು ತಿಳಿಸಿತು. ಉಳಿದವು ಅದನ್ನು ಬಿಟ್ಟು ಕದಲಲಿಲ್ಲ. "ಮೊದಲು, ಆಮೇಲೆ, ಕೊನೆಗೆ" ಎಂಬ ಮಾತುಗಳು ಅವನ್ನು ಕಟ್ಟಿ ಹಿಡಿದವು. ನಿಧಾನವಾಗಿ ಕಲಿಯುವ ಮಗುವಿಗೆ ಮೂರು ವಾಕ್ಯಗಳಾದರೂ ಸಾಕು.

ಕಾಗುಣಿತ, ಒತ್ತಕ್ಷರಗಳ ತಪ್ಪನ್ನು ಕೊನೆಯಲ್ಲಿ ತಿದ್ದಿರಿ. ಅದೂ ಒಂದು ಸಲಕ್ಕೆ ಒಂದೆರಡನ್ನು ಮಾತ್ರ. ಪುಟವೆಲ್ಲ ಕೆಂಪು ಗೀಟಾದರೆ ಮಗು ಬರೆಯುವುದನ್ನೇ ಬಿಡುತ್ತದೆ. ದಿನಕ್ಕೆ ಕಾಲು ಗಂಟೆ ಸಾಕು, ಆದರೆ ದಿನ ತಪ್ಪಿಸಬಾರದು. ಹೊಡೆಯುವುದು, ಬೇರೆ ಮಕ್ಕಳೊಡನೆ ಹೋಲಿಸುವುದು ಸಲ್ಲದು.

ಹೀಗೆ ಮಾಡಿಸಿಯೂ ತೊಡಕು ಉಳಿದರೆ ಶಾಲೆಯ ಉಪಾಧ್ಯಾಯರಿಗೆ ತಿಳಿಸಿರಿ. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳ ಶಿಕ್ಷಕರನ್ನು ವಿಚಾರಿಸಿರಿ. 1965ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂಥ ಮಕ್ಕಳನ್ನು ಪರೀಕ್ಷಿಸುತ್ತಾರೆ. ಪರೀಕ್ಷೆಯಲ್ಲಿ ಹೆಚ್ಚು ಸಮಯ, ಬರೆದುಕೊಡುವವರ ನೆರವು ಮುಂತಾದ ಅನುಕೂಲಗಳನ್ನು ಮೇಲೆ ಹೇಳಿದ ಕಾಯಿದೆಯೇ ಸೂಚಿಸಿದೆ. ಇದು ದಯೆಯಲ್ಲ, ಮಗುವಿನ ಹಕ್ಕು.

ತಡವಾಗಿ ಮೊಳೆತ ಪೈರನ್ನು ಯಾವ ರೈತನೂ ಕಿತ್ತೆಸೆಯುವುದಿಲ್ಲ. ಈ ಸಂಜೆಯೇ ಮಗುವನ್ನು ಹತ್ತಿರ ಕೂರಿಸಿಕೊಂಡು, "ಇವತ್ತು ಏನು ನೋಡಿದೆ, ಹೇಳು" ಎಂದು ಕೇಳಿರಿ.