ಬಾಲ್ ಪೆನ್ನು ಕೊಳ್ಳುವಾಗ

ಕಳೆದ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ನನ್ನ ಉರ್ದು ಉತ್ತರಪತ್ರಿಕೆಯ ತುಂಬ ಶಾಯಿ ಒರೆಸಿಹೋಗಿತ್ತು. ಎರಡು ಉತ್ತರ ಓದಲಾಗದೆ ಅಂಕ ಹೋದವು. ತಪ್ಪು ನನ್ನದೇ, ಜೆಲ್ ಪೆನ್ನು ಒಯ್ದಿದ್ದೆ. ಕನ್ನಡ ಬರೆಯುವಾಗ ಬಲಗೈ ಅಕ್ಷರಗಳಿಗಿಂತ ಮುಂದಿರುತ್ತದೆ. ಉರ್ದು ಬಲದಿಂದ ಎಡಕ್ಕೆ ಸಾಗುವುದರಿಂದ ಆಗಷ್ಟೇ ಬರೆದ ಹಸಿ ಅಕ್ಷರದ ಮೇಲೆಯೇ ಕೈ ಹಾಯುತ್ತದೆ. ಜೆಲ್ ಶಾಯಿಯಲ್ಲಿ ನೀರು ಹೆಚ್ಚು, ಒಣಗಲು ಹೊತ್ತು ಬೇಕು. ಬಾಲ್ ಪೆನ್ನಿನದು ಎಣ್ಣೆ ಬೆರೆತ ಗಟ್ಟಿ ಶಾಯಿ. ಅಚ್ಚಿನ ಶಾಯಿ ಬೇಗ ಒಣಗುವುದನ್ನು ಕಂಡೇ ಹಂಗೇರಿಯ ಪತ್ರಕರ್ತ ಲಾಸ್ಲೋ ಬಿರೋ ಇಂಥ ಪೆನ್ನು ರೂಪಿಸಿ, 1938ರಲ್ಲಿ ಪೇಟೆಂಟ್ ಪಡೆದರು.

ಈಗ ಅಂಗಡಿಯಲ್ಲಿ ನಾನು ಬರೀ ಗೆರೆ ಎಳೆದು ನೋಡುವುದಿಲ್ಲ. ಮೊದಲು ಉರ್ದುವಿನ ನುಕ್ತೆ ಇಡುತ್ತೇನೆ. ಮೊನೆಯ ಗುಂಡು ಉರುಳಿದರೆ ಮಾತ್ರ ಶಾಯಿ ಇಳಿಯುವುದು. ಹಾಗಾಗಿ ಕೆಟ್ಟ ಪೆನ್ನು ಚುಕ್ಕೆಯಲ್ಲೇ ಸಿಕ್ಕಿಬೀಳುತ್ತದೆ. ನುಕ್ತೆ ಮೂಡದಿದ್ದರೆ ‘ಬೇ’ ಯಾವುದು, ‘ತೇ’ ಯಾವುದು? ಆಮೇಲೆ ಕನ್ನಡದಲ್ಲಿ ‘ರಾಷ್ಟ್ರ’ ಎಂದು ಸಣ್ಣದಾಗಿ ಬರೆಯುತ್ತೇನೆ. 1 ಮಿ.ಮೀ. ಮೊನೆಯಲ್ಲಿ ಒತ್ತಕ್ಷರ ಮುದ್ದೆಯಾಗುತ್ತದೆ, 0.7 ನನಗೆ ಸರಿ. ಹಿಡಿಕೆ ಬೆವರಿದ ಬೆರಳಿಗೂ ಜಾರಬಾರದು.

ನಮ್ಮ ಬಿಸಿಲಿಗೆ ಶಾಯಿ ತೆಳುವಾಗುತ್ತದೆ. ಮಸ್ಕಿಯಿಂದ ಸಿಂಧನೂರಿಗೆ ಬಸ್ಸಿನಲ್ಲಿ ಬರುವಾಗ ಪೆನ್ನನ್ನು ಮೊನೆ ಮೇಲಾಗಿ ಇಟ್ಟುಕೊಳ್ಳುತ್ತೇನೆ. ಕೂತ ಮೇಲೆ ರಫ್ ಹಾಳೆಯಲ್ಲಿ ಎರಡು ಸುರುಳಿ ಗೀಚಿದರೆ ಶಾಯಿ ಮತ್ತೆ ಇಳಿಯುತ್ತದೆ.